ಫ್ಯಾನ್ ರೆಕ್ಕೆಯ ಬುಡದಲ್ಲಿ

"ಕೈ ಹಾಕಬೇಡಿ ಮೇಡಂ. ಅಂಚು ಹರಿತ ಇದೆ."

ಮೇಸ್ತ್ರಿ ಮಾವ ಎಚ್ಚರಿಸುವಷ್ಟರಲ್ಲಿ ತನಿಖಾಧಿಕಾರಿಯ ಬೆರಳು ಮುರಿದ ರೆಕ್ಕೆಯ ಮೇಲಿತ್ತು. ಅವಳು ಅದನ್ನು ಹಿಂದಕ್ಕೆಳೆದುಕೊಳ್ಳಲಿಲ್ಲ.

ಅಂಗೈಯಗಲದ, ಮೊಳದುದ್ದದ ಉಕ್ಕಿನ ತುಂಡು ಅದು. ಸೇನೆಯ ಭಾರಿ ಲಾರಿಯ ಎಂಜಿನ್ ಕುದಿಯದಂತೆ ಗಾಳಿ ಬೀಸುವ ಫ್ಯಾನಿನ ಒಂದು ರೆಕ್ಕೆ. ಹೋದ ವಾರ ಬೆಟ್ಟದ ಏರಿನಲ್ಲಿ ಮುಂಭಾಗದಿಂದ ಏನೋ ಬಡಿದ ಸದ್ದು ಕೇಳಿ ಚಾಲಕ ಲಾರಿ ನಿಲ್ಲಿಸಿದ್ದ. ಎಂಜಿನ್ ಓಡುತ್ತಿರುವಾಗಲೇ ಬಾನೆಟ್ ಎತ್ತಿ ಬಗ್ಗಿ ನೋಡಿದ್ದ. ಆಗ ಕಿತ್ತು ಬಂದದ್ದು ಇದೇ ರೆಕ್ಕೆ. ಆಸ್ಪತ್ರೆಗೆ ಸಾಗಿಸುವ ಪ್ರಶ್ನೆಯೇ ಬರಲಿಲ್ಲ.

ಸತ್ತವನು ಮಾವನ ಅಳಿಯ.

ಈ ವರ್ಕ್‌ಶಾಪಿನಲ್ಲಿ ಹಿರಿಯ ಮೇಸ್ತ್ರಿಯನ್ನು ಎಲ್ಲರೂ ಮಾವ ಎಂದೇ ಕರೆಯುತ್ತಾರೆ. ಬಣ್ಣ ಬಳಿಯುವವರು, ಟೈರ್ ಬಿಚ್ಚುವವರು, ವಯಸ್ಸಿನಲ್ಲಿ ಅವನಿಗಿಂತ ದೊಡ್ಡವನಾದ ಗೇಟಿನ ಕಾವಲುಗಾರ ಕೂಡ. ಹಾಗೆ ಕರೆಯುವ ಹಕ್ಕು ನಿಜವಾಗಿ ಇದ್ದದ್ದು ಒಬ್ಬನಿಗೇ. ಅವನು ಮಾತ್ರ ಕೆಲಸದ ಹೊತ್ತಿನಲ್ಲಿ "ಮೇಸ್ತ್ರಿ" ಎನ್ನುತ್ತಿದ್ದನಂತೆ. ಅದನ್ನು ಹೇಳಿ ನಗುವ ಅಭ್ಯಾಸ ಇಲ್ಲಿನವರಿಗಿತ್ತು. ಈ ವಾರ ಯಾರೂ ಹೇಳಿರಲಿಲ್ಲ.

"ಒಂದು ಲಾರಿ ಫ್ಯಾನ್ ಹೇಗೆ ನೋಡ್ತೀರಿ, ತೋರಿಸಿ," ಎಂದಳು ತನಿಖಾಧಿಕಾರಿ.

"ನಿಮಗೆ ಗೊತ್ತಿಲ್ಲದ್ದೇನಿದೆ ಮೇಡಂ. ನೀವೂ ಲಾರಿ ಬಿಚ್ಚಿದವರೇ ಅಂತ ಕೇಳಿದೀನಿ."

"ಗೊತ್ತಿದೆ. ನೀವು ಹೇಗೆ ನೋಡ್ತೀರಿ ಅಂತ ನೋಡಬೇಕು."

ಮಾವ ಎದ್ದ. ಪಕ್ಕದಲ್ಲಿ ಬಾನೆಟ್ ತೆರೆದು ನಿಂತಿದ್ದ ಲಾರಿಯ ಬಂಪರ್ ಹತ್ತಿ ನಿಂತು, ಮೊದಲು ಎಂಜಿನ್ ಮೇಲೆ ಕೈಯಿಟ್ಟು ತಣ್ಣಗಿದೆಯೆಂದು ಖಾತ್ರಿ ಮಾಡಿಕೊಂಡ. ಫ್ಯಾನಿನ ಎದುರುಬದುರು ರೆಕ್ಕೆಗಳೆರಡನ್ನು ಹಿಡಿದು ಮುಂದೆ ಹಿಂದೆ ಅಲುಗಿಸಿದ.

"ಇಲ್ಲಿ ಅಲುಗಾಟ ಬಂದ್ರೆ ಒಳಗಿನ ಬೇರಿಂಗ್ ಹೋಯ್ತು ಅಂತ. ಇದು ಗಟ್ಟಿ ಇದೆ." ಹೆಬ್ಬೆರಳಿನಿಂದ ಬೆಲ್ಟನ್ನು ಒತ್ತಿದ. "ಬೆಲ್ಟ್ ಸಡಿಲ ಇದ್ರೆ ಜಾರುತ್ತೆ, ಫ್ಯಾನ್ ನಿಧಾನ ಆಗುತ್ತೆ. ಬಿಗಿ ಇದ್ರೆ ಬೇರಿಂಗ್ ತಿನ್ನುತ್ತೆ. ಆಮೇಲೆ ಬೋಲ್ಟು. ಒಂದು ಸಲ ಬಿಚ್ಚಿದ ಬೋಲ್ಟ್ ನಾನು ವಾಪಸ್ ಹಾಕಲ್ಲ. ಹೊಸದೇ ಹಾಕ್ತೀನಿ."

ಮಾತಿನಲ್ಲಿ ಏರಿಳಿತವೇ ಇರಲಿಲ್ಲ. ಬೇರೆ ಯಾರೋ ಬರೆದುಕೊಟ್ಟದ್ದನ್ನು ಓದುತ್ತಿರುವಂತಿತ್ತು.

ಕೊನೆಗೆ ಬಲಗೈಯ ತೋರುಬೆರಳನ್ನು ಮಡಚಿ, ಒಂದು ರೆಕ್ಕೆ ನಡುತಟ್ಟೆಯನ್ನು ಸೇರುವ ಬುಡದಲ್ಲಿ ಉಗುರನ್ನು ಎಳೆದ.

"ಬಿರುಕು ಹುಟ್ಟೋದು ಇಲ್ಲೇ. ಕಣ್ಣಿಗೆ ಕಾಣಲ್ಲ, ಉಗುರಿಗೆ ಸಿಗುತ್ತೆ."

"ಸಿಕ್ಕಿದ್ರೆ?"

"ಫ್ಯಾನ್ ಬಿಸಾಕ್ತೀವಿ."

"ವೆಲ್ಡ್ ಮಾಡಲ್ಲ?"

ಮಾವ ಬಂಪರ್‌ನಿಂದ ಇಳಿದ. ಇಳಿಯುವುದಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡ.

"ಫ್ಯಾನ್ ವೆಲ್ಡ್ ಮಾಡಬಾರದು ಮೇಡಂ. ಬೆಸುಗೆ ಬಿದ್ದ ಕಡೆ ಉಕ್ಕು ಪೆಡಸಾಗುತ್ತೆ. ತೂಕ ಏರುಪೇರಾಗುತ್ತೆ. ಅದುರಿ ಅದುರಿ ಒಂದು ದಿನ ಕಿತ್ಕೊಂಡು ಹೋಗುತ್ತೆ."

ತನಿಖಾಧಿಕಾರಿ ಜೇಬಿನಿಂದ ಸಣ್ಣ ಟಾರ್ಚ್ ತೆಗೆದಳು. ಹಗಲು ಹೊತ್ತಿನಲ್ಲೂ ಅದನ್ನು ಹಚ್ಚಿಕೊಂಡೇ ತಿರುಗುತ್ತಾಳೆಂದು ಬಂದ ದಿನವೇ ಹುಡುಗರು ಅವಳಿಗೆ ಟಾರ್ಚ್ ಮೇಡಂ ಎಂದು ಹೆಸರಿಟ್ಟಿದ್ದರು. ಅದು ಅವಳ ಕಿವಿಗೂ ಬಿದ್ದಿತ್ತು. ಬೇಸರವೇನೂ ಆಗಿರಲಿಲ್ಲ, ಇದಕ್ಕಿಂತ ಕೆಟ್ಟ ಹೆಸರುಗಳನ್ನು ಅವಳು ಹೊತ್ತುಕೊಂಡು ಬಂದಿದ್ದಳು.

ಮುರಿದ ರೆಕ್ಕೆಯ ಬುಡಕ್ಕೆ ಬೆಳಕು ಹಿಡಿದಳು. ಮೇಲೆಲ್ಲ ಹೊಸ ಕಪ್ಪು ಬಣ್ಣ. ಬುಡದಲ್ಲಿ ಮಾತ್ರ ಎರಡು ಬೆರಳಗಲ ಬಣ್ಣ ಹೋಗಿ ಉಕ್ಕು ಬೆಳ್ಳಗೆ ಹೊಳೆಯುತ್ತಿತ್ತು. ಹೊಳಪಿನ ತುಂಬ ಒಂದೇ ದಿಕ್ಕಿನ ಸಣ್ಣ ಗೀರುಗಳು.

"ಇದು ಏನು?"

"ಮುರಿದ ಜಾಗ."

"ಮುರಿದ ಜಾಗ ಇದು." ಅವಳು ಒರಟು ಅಂಚನ್ನು ತೋರಿಸಿದಳು. "ಅದರ ಪಕ್ಕದ್ದು ಕೇಳಿದ್ದು. ಯಾರೋ ಅರ ಹಿಡಿದು ಉಜ್ಜಿದ್ದಾರೆ. ಅಪಘಾತ ಆದ ಮೇಲೆ. ಮೊದಲೇ ಉಜ್ಜಿದ್ರೆ ಅದರ ಮೇಲೆ ಬಣ್ಣ ಇರ್ತಿತ್ತು."

ಆಚೆ ಮೂಲೆಯಲ್ಲಿ ಯಾರೋ ಚಕ್ರದ ನಟ್ಟಿಗೆ ಸುತ್ತಿಗೆಯಿಂದ ಬಡಿಯುತ್ತಿದ್ದರು.

"ಉಜ್ಜಿದವರಿಗೆ ಅವಸರ ಇತ್ತು," ಎಂದಳು ಅವಳು. "ಬೆಸುಗೆ ಪೂರ್ತಿ ಹೋಗಿಲ್ಲ. ಈ ತುದೀಲಿ ನೋಡಿ, ಸಣ್ಣ ಗುಳಿ. ವೆಲ್ಡಿಂಗ್ ಕಡ್ಡಿ ಎತ್ತಿದಾಗ ಉಳಿಯೋದು. ಬಲಗೈಯವರು ಎಡದಿಂದ ಬಲಕ್ಕೆ ಎಳೀತಾರೆ, ಗುಳಿ ಬಲಗಡೆ ಬೀಳುತ್ತೆ. ಇದು ಎಡಗಡೆ ಇದೆ. ಇಲ್ಲಿ ಎಡಗೈಲಿ ವೆಲ್ಡ್ ಮಾಡೋರು ಎಷ್ಟು ಜನ?"

ಸುತ್ತಿಗೆಯ ಸದ್ದು ನಿಂತಿತು.

"ನಾನೇ ಉಜ್ಜಿದ್ದು," ಎಂದ ಮಾವ.

"ಎಷ್ಟು ಜನ ಅಂತ ಕೇಳ್ದೆ."

"ನಾನೇ ಉಜ್ಜಿದ್ದು ಅಂದ್ನಲ್ಲ ಮೇಡಂ. ಬರ್ಕೊಳ್ಳಿ."

ಅವಳು ಸ್ಟೂಲ್ ಎಳೆದು ಅವನೆದುರು ಕೂತಳು. ಮಾವ ಕೈಗೆ ಹತ್ತಿದ ಗ್ರೀಸನ್ನು ಹತ್ತಿಯ ಚಿಂದಿಯಿಂದ ಒರೆಸಿಕೊಳ್ಳತೊಡಗಿದ. ಒಂದೊಂದೇ ಬೆರಳು, ಮತ್ತೆ ಅದೇ ಬೆರಳು.

"ಕೆಟ್ಟ ಲಾರಿ ಎಳ್ಕೊಂಡು ಬರೋ ಗಾಡೀಲಿ ನಾನೇ ಹೋಗಿದ್ದೆ. ಅಳಿಯನ ದೇಹ ಆಂಬುಲೆನ್ಸಿಗೆ ಹಾಕಿದ್ರು. ಎಲ್ಲರೂ ನನ್ನ ಮುಖ ನೋಡ್ತಿದ್ರು, ಈಗ ಅಳ್ತಾನೆ, ಈಗ ಅಳ್ತಾನೆ ಅಂತ. ನನಗೆ ಏನೂ ಬರಲಿಲ್ಲ. ರೆಕ್ಕೆ ಎಲ್ಲಿ ಬಿತ್ತು ಅಂತ ಹುಡುಕ್ದೆ. ಹುಲ್ಲೊಳಗೆ ಸಿಕ್ತು. ಬುಡ ನೋಡ್ದೆ. ಯಾರ ಕೈ ಅಂತ ಗೊತ್ತಾಯ್ತು. ಗಾಡೀಲಿ ಅರ ಇತ್ತು."

"ಕೈ ನೋಡಿ ಗೊತ್ತಾಯ್ತಾ?"

"ನಾನೇ ಕಲಿಸಿದ ಕೈ. ಬಲಗೈಗೆ ಬದಲಾಯಿಸ್ಕೊ, ಮುಂದೆ ಕಷ್ಟ ಆಗುತ್ತೆ ಅಂತ ಎಷ್ಟು ಬಡ್ಕೊಂಡೆ. ಕೇಳಲಿಲ್ಲ." ಚಿಂದಿಯನ್ನು ಡಬ್ಬಕ್ಕೆ ಹಾಕಿದ. "ಮಗಳಿಗೆ ಇದು ಗೊತ್ತಿಲ್ಲ ಮೇಡಂ. ಗಂಡ ಹೋದ ಅಂತ ಗೊತ್ತು. ತನ್ನ ಬೆಸುಗೆಯಿಂದ ಹೋದ ಅಂತ ಗೊತ್ತಿಲ್ಲ. ಅದೊಂದು ಗೊತ್ತಾಗೋದು ಬೇಡ ಅಂತ ಉಜ್ಜಿದೆ. ಬೇರೆ ಯಾವ ದುರುದ್ದೇಶಾನೂ ಇಲ್ಲ."

"ಗೊತ್ತಿದೆ ಅಪ್ಪ."

ಲಾರಿಯ ಹಿಂಬದಿಯಿಂದ ಬಂದ ದನಿ ಅದು. ಮಾವನ ಮಗಳು ಅಲ್ಲಿ ಎಷ್ಟು ಹೊತ್ತಿನಿಂದ ನಿಂತಿದ್ದಳೋ. ತಲೆಯ ಮೇಲಕ್ಕೆ ಎತ್ತಿದ ಬೆಸುಗೆಯ ಮುಖವಾಡ, ಮೊಣಕೈವರೆಗಿನ ತೊಗಲು ಕೈಗವಸು. ಗಂಡನನ್ನು ಕಳಿಸಿಕೊಟ್ಟು ಒಂದೆರಡು ದಿನವೂ ಮನೆಯಲ್ಲಿ ಕೂರದೆ ಕೆಲಸಕ್ಕೆ ಬಂದಳೆಂದು ಹೊರಗೆ ಜನ ಬಾಯಿಗೆ ಬಂದಂತೆ ಆಡಿಕೊಂಡಿದ್ದರು. ಒಳಗೆ ಯಾರೂ ಏನೂ ಅನ್ನಲಿಲ್ಲ. ಅವಳ ಮುಖ ನೋಡಿದ ಮೇಲೆ ಅನ್ನುವ ಮನಸ್ಸೇ ಬರುತ್ತಿರಲಿಲ್ಲ. ಅಳುವಿಲ್ಲ, ಸಿಟ್ಟಿಲ್ಲ, ಮನೆ ಖಾಲಿ ಮಾಡಿದ ಮೇಲೆ ಉಳಿಯುವ ಗೋಡೆಯ ಹಾಗಿತ್ತು.

ಮಾವ ಎದ್ದು ನಿಂತ. "ನೀನು ಒಳಗೆ ಹೋಗು ಮಗಾ."

"ಅವತ್ತು ನಾನೂ ಅದೇ ಗಾಡೀಲಿ ಹಿಂದೆ ಕೂತಿದ್ದೆನಲ್ಲ. ನೀನು ಮುಂದೆ ಕೂತು ಏನೋ ಉಜ್ತಾ ಇದ್ದೆ. ಇಂಥ ಹೊತ್ತಲ್ಲಿ ಇವನೇನು ಉಜ್ತಿದಾನೆ ಅನ್ನಿಸ್ತು. ಆಮೇಲೆ ಗೊತ್ತಾಯ್ತು."

"ಒಂದೇ ಮನೇಲಿದ್ದೀರಿ," ಎಂದಳು ತನಿಖಾಧಿಕಾರಿ. "ಇಬ್ಬರೂ ಈ ಬಗ್ಗೆ ಮಾತೇ ಆಡಲಿಲ್ವಾ?"

ಅಪ್ಪ ಮಗಳು ಒಬ್ಬರನ್ನೊಬ್ಬರು ನೋಡಲಿಲ್ಲ.

"ಊಟ ಆಯ್ತಾ ಅಂತ ಕೇಳ್ತೀವಿ," ಎಂದಳು ಮಗಳು.

ತನಿಖಾಧಿಕಾರಿ ಟಾರ್ಚ್ ಆರಿಸಿದಳು. ಇಂಥ ಕಡೆ ಏನು ಹೇಳಬೇಕೆಂದು ಯಾವ ತರಬೇತಿಯಲ್ಲೂ ಅವಳಿಗೆ ಕಲಿಸಿರಲಿಲ್ಲ. ಆದ್ದರಿಂದ ಗೊತ್ತಿದ್ದ ಕೆಲಸವನ್ನೇ ಮುಂದುವರಿಸಿದಳು.

"ಫ್ಯಾನ್ ವೆಲ್ಡ್ ಮಾಡಬಾರದು ಅಂತ ನಿಮಗೆ ಗೊತ್ತಿತ್ತಲ್ವಾ?"

"ಗೊತ್ತಿತ್ತು."

"ಮತ್ತೆ?"

"ಲಾರಿಗೆ ಅಂತ ಮಾಡಲಿಲ್ಲ. ಗೋಡೆಗೆ ಅಂತ ಮಾಡಿದ್ದು."

ಅವಳು ಎಡಗೈಯ ಗವಸನ್ನು ಕಿತ್ತು ಕಂಕುಳಲ್ಲಿ ಸಿಕ್ಕಿಸಿಕೊಂಡಳು.

"ತಂದುಕೊಟ್ಟಿದ್ದು ನಮ್ಮ ಮನೆಯವರೇ. ಗುಜರಿಗೆ ಹೋಗಬೇಕಾದ ಫ್ಯಾನ್, ರೆಕ್ಕೆ ಬಿರುಕು ಬಿಟ್ಟಿತ್ತು. ಹೊಸ ಚಾಲಕರಿಗೆ ಪಾಠ ಮಾಡೋ ಕೋಣೆ ಇದೆಯಲ್ಲ, ಅಲ್ಲಿ ನೇತು ಹಾಕ್ತಾರಂತೆ, ನೋಡೋಕೆ ಚೆನ್ನಾಗಿ ಕಾಣೋ ಹಾಗೆ ಕೂಡಿಸಿ ಬಣ್ಣ ಹೊಡಿ ಅಂದ್ರು. ಯಾರು ಹೇಳಿದ್ದು ಅಂತ ಕೇಳ್ದೆ. ಬೀಗದಣ್ಣನ ಕಡೆಯಿಂದ ಬಂತು ಅಂದ್ರು. ನಾನು ಮಾಡ್ಕೊಟ್ಟೆ. ಬೆಸುಗೆ ಮೇಲೆ ಪುಟ್ಟಿ ತುಂಬಿ ನಯ ಮಾಡಿದ್ದೂ ನಾನೇ."

ಬೀಗದಣ್ಣ ಎಂದರೆ ಬಿಡಿಭಾಗಗಳ ಉಗ್ರಾಣ ನೋಡಿಕೊಳ್ಳುವವನು. ಸೊಂಟದಲ್ಲಿ ಹಿಡಿ ತುಂಬ ಕೀಲಿ ನೇತಾಡಿಸಿಕೊಂಡು, ಬರುವ ಮೊದಲೇ ಸದ್ದು ಮಾಡುವ ಮನುಷ್ಯ. ಅವನ ಕೀಲಿ ಗೊಂಚಲಿನಲ್ಲಿ ಸ್ವರ್ಗದ ಬಾಗಿಲಿನದ್ದೂ ಒಂದಿದೆ, ಆದರೆ ಯಾವುದೆಂದು ಅವನಿಗೇ ಮರೆತುಹೋಗಿದೆ ಎಂದು ಹುಡುಗರು ತಮಾಷೆ ಮಾಡುತ್ತಿದ್ದರು. ಅಪಘಾತದ ಲಾರಿಗೆ ಹೊಸ ಫ್ಯಾನೆಂದು ಉಗ್ರಾಣದಿಂದ ಕೊಟ್ಟವನು ಅವನೇ. ಮೊದಲ ವಿಚಾರಣೆಯಲ್ಲೇ ಅದನ್ನು ಒಪ್ಪಿಕೊಂಡಿದ್ದ. ಕಪಾಟಿನಲ್ಲಿತ್ತು, ಕೊಟ್ಟೆ ಎಂದಿದ್ದ. ಮಾವ ಆ ದಿನ ರಜೆಯಲ್ಲಿದ್ದ. ಹುಡುಗರು ಉಗುರು ಎಳೆದೇ ನೋಡಿದ್ದರು. ನಯವಾದ ಪುಟ್ಟಿಯ ಮೇಲೆ ಉಗುರಿಗೆ ಏನೂ ಸಿಕ್ಕಿರಲಿಲ್ಲ.

"ಬೀಗದಣ್ಣ ಎಲ್ಲಿ?" ಎಂದಳು ತನಿಖಾಧಿಕಾರಿ.

"ಬೆಳಿಗ್ಗೆ ಹೋದ ಲಾರಿಗಳ ಜೊತೆ ಹೋದ," ಎಂದ ಮಾವ. "ಬೆಟ್ಟದ ಮೇಲಿನ ಠಾಣೆಗೆ ಬಿಡಿಭಾಗ ತಲುಪಿಸೋಕೆ."

"ಪಾಠದ ಕೋಣೆ ತೆಗೆಸಿ."

ಕೀಲಿ ತರಲು ಹೋದ ಗೇಟಿನ ಕಾವಲುಗಾರ ಬೇಗ ಬರಲಿಲ್ಲ. ಮೂವರೂ ಬೀಗ ಹಾಕಿದ ಬಾಗಿಲ ಮುಂದೆ ಬಿಸಿಲಿನಲ್ಲಿ ನಿಂತರು. ಅಂಗಳದಲ್ಲಿ ಒಬ್ಬ ರೇಡಿಯೇಟರ್ ತೊಳೆಯುತ್ತಿದ್ದ. ನೀರು ಒಳಗಿನಿಂದ ಹೊರಕ್ಕೆ ಚಿಮ್ಮಿ ಜಾಳಿಗೆಯಲ್ಲಿ ಸಿಕ್ಕಿದ್ದ ಧೂಳು, ಹುಲ್ಲು, ಸತ್ತ ಕೀಟಗಳೆಲ್ಲ ನೆಲಕ್ಕೆ ಬೀಳುತ್ತಿದ್ದವು. ಮಾವ ಅದನ್ನು ನೋಡುತ್ತ, "ಇನ್ನೂ ಸ್ವಲ್ಪ ಹತ್ತಿರ ಹಿಡಿ," ಎಂದ. ಹಾಗೆ ಹೇಳಿದ್ದು ಅವನಿಗೇ ಗೊತ್ತಾದಂತೆ ಕಾಣಲಿಲ್ಲ.

ಕಾವಲುಗಾರ ಏದುಸಿರು ಬಿಡುತ್ತ ಬಂದು ಬಾಗಿಲು ತೆಗೆದ.

ಸಾಲು ಬೆಂಚುಗಳು, ಕರಿಹಲಗೆ, ಒಳಗು ಕಾಣುವಂತೆ ಸೀಳಿ ಇಟ್ಟ ಒಂದು ಎಂಜಿನ್. ಬೆಂಚುಗಳ ಎದುರಿನ ಗೋಡೆಯಲ್ಲಿ, ಕೈಗೆ ಎಟುಕದ ಎತ್ತರದಲ್ಲಿ, ಕಬ್ಬಿಣದ ಕೊಕ್ಕೆಗೆ ಒಂದು ಫ್ಯಾನ್ ನೇತಾಡುತ್ತಿತ್ತು. ಕಪ್ಪು ಬಣ್ಣ ಹೊಳೆಯುತ್ತಿತ್ತು.

"ಹಾಗಾದ್ರೆ ನಿಮ್ಮ ಫ್ಯಾನ್ ಇಲ್ಲೇ ಇದೆಯಲ್ಲ," ಎಂದಳು ತನಿಖಾಧಿಕಾರಿ.

ಮಗಳು ಬೆಂಚು ಎಳೆದು ಹತ್ತಿದಳು. ಗವಸಿಲ್ಲದ ಎಡಗೈಯನ್ನು ಒಂದು ರೆಕ್ಕೆಯ ಬುಡಕ್ಕಿಟ್ಟಳು, ಮುಂದಿನದಕ್ಕೆ, ಅದರ ಮುಂದಿನದಕ್ಕೆ.

"ಇದು ನಂದಲ್ಲ."

ತನಿಖಾಧಿಕಾರಿ ಪಕ್ಕದಲ್ಲಿ ಹತ್ತಿ ಟಾರ್ಚ್ ಬಿಟ್ಟಳು. ಬೆಸುಗೆಯಿಲ್ಲ, ಪುಟ್ಟಿಯಿಲ್ಲ. ಬೋಲ್ಟಿನ ತೂತುಗಳ ಅಂಚಿನಲ್ಲಿ ಒಂದು ಗೀರೂ ಇಲ್ಲ. ಈ ಫ್ಯಾನಿಗೆ ಒಮ್ಮೆಯೂ ಬೋಲ್ಟ್ ಬಿಗಿದಿರಲಿಲ್ಲ. ನಡುತಟ್ಟೆಯ ಹಿಂಬದಿಯಲ್ಲಿ, ಹೊಸ ಸಾಮಾನಿಗೆ ಸುತ್ತಿ ಬರುವ ಎಣ್ಣೆ ಕಾಗದದ ಚೂರು ಅಂಟಿಕೊಂಡಿತ್ತು.

ಉಗ್ರಾಣಕ್ಕೆ ಬಂದ ಹೊಸ ಫ್ಯಾನ್ ಪಾಠದ ಕೋಣೆಯ ಗೋಡೆ ಸೇರಿತ್ತು. ಗೋಡೆಯ ಮೇಲಿರಬೇಕಾದದ್ದು ಲಾರಿ ಸೇರಿತ್ತು. ಹೊಸದನ್ನು ಹೊರಗೆ ಸಾಗಿಸಿ ಮಾರುವವರೆಗೆ ಬಚ್ಚಿಡಲು ಇದಕ್ಕಿಂತ ಒಳ್ಳೆಯ ಜಾಗವಿರಲಿಲ್ಲ. ದಿನವೂ ಮೂವತ್ತು ಜನ ಎದುರಿಗೆ ಕೂತು ನೋಡುತ್ತಿದ್ದರು.

ಬೆಂಚಿನಿಂದ ಇಳಿಯುವಾಗ ಅವಳ ಟಾರ್ಚಿನ ಬೆಳಕು ಗೋಡೆಯ ಉದ್ದಕ್ಕೂ ಜಾರಿತು. ಸ್ವಲ್ಪ ಆಚೆ ಇನ್ನೊಂದು ಕೊಕ್ಕೆ. ಅದರಲ್ಲಿ ಏನೂ ಇರಲಿಲ್ಲ. ಕೆಳಗೆ ಸುಣ್ಣದ ಗೋಡೆಯ ಮೇಲೆ ಧೂಳು ಕೂರದ ಬೆಳ್ಳನೆಯ ವೃತ್ತ.

"ನೀವು ಎಷ್ಟು ಫ್ಯಾನ್ ಕೂಡಿಸಿ ಕೊಟ್ರಿ?"

"ಎರಡು," ಎಂದಳು ಮಗಳು.

"ಎರಡನೇದು ಎಲ್ಲಿ?"

ಮಾತಾಡಿದ್ದು ಬಾಗಿಲ ಬಳಿ ನಿಂತ ಮಾವ.

"ನಿನ್ನೆ ಒಂದು ಲಾರಿಗೆ ಫ್ಯಾನ್ ಹಾಕಿದೆ. ಉಗ್ರಾಣದ್ದು. ಹೊಸ ಬಣ್ಣ ಇತ್ತು." ಅವನು ತನ್ನ ಕೈಗಳನ್ನು ನೋಡಿಕೊಂಡ. "ಬೋಲ್ಟ್ ಹೊಸದು ಹಾಕಿದೆ. ಬೆಲ್ಟ್ ನೋಡ್ದೆ. ಮಾಡಿದ್ದೆಲ್ಲ ನೆನಪಿದೆ. ಬುಡಕ್ಕೆ ಸುತ್ತಿಗೆ ಹಿಡಿಯಿಂದ ತಟ್ಟಿ ನೋಡಿದ್ರೆ ಸದ್ದಲ್ಲೇ ಗೊತ್ತಾಗ್ತಿತ್ತು. ತಟ್ಟಲಿಲ್ಲ. ಯಾಕೆ ತಟ್ಟಲಿಲ್ಲ ಅಂತ ಕೇಳಿದ್ರೆ ಹೇಳೋಕೆ ಬರಲ್ಲ ಮೇಡಂ. ಈಗೀಗ ಕೈ ಇದೆ ಅಂತಾನೇ ಗೊತ್ತಾಗಲ್ಲ."

"ಯಾವ ಲಾರಿ?"

"ಬೆಳಿಗ್ಗೆ ಹೋದ ಸಾಲಿನ ಕೊನೇದು."

ತನಿಖಾಧಿಕಾರಿ ಹೊರಗೆ ಧಾವಿಸಿ ವೈರ್‌ಲೆಸ್ ಕೋಣೆಯವನನ್ನು ಕೂಗಿದಳು. ಲಾರಿಗಳನ್ನು ಇದ್ದಲ್ಲೇ ನಿಲ್ಲಿಸಬೇಕು, ಎಂಜಿನ್ ಆರಿಸಬೇಕು, ಯಾರೂ ಬಾನೆಟ್ ಎತ್ತಬಾರದು. ಅವನು ಕಿಟಕಿಯಿಂದ ತಲೆ ಹಾಕಿ ಕೇಳಿಸಿಕೊಂಡು ಒಳಗೆ ಹೋದ. ಅವನು ಅದೇ ಮಾತನ್ನು ಯಂತ್ರಕ್ಕೆ ಹೇಳುವುದು ಅಂಗಳಕ್ಕೆಲ್ಲ ಕೇಳಿಸಿತು. ಆಮೇಲೆ ಬರೀ ಕರಕರ ಸದ್ದು. ಮತ್ತೆ ಅದೇ ಮಾತು, ಮತ್ತೆ ಕರಕರ.

"ಏರು ಹತ್ತೋಕೆ ಶುರು ಮಾಡಿರ್ತಾರೆ," ಎಂದ ಮಾವ. "ಅಲ್ಲಿ ಸಿಗಲ್ಲ."

"ಆ ಲಾರೀಲಿ ಯಾರಿದ್ದಾರೆ?"

"ಓಡಿಸೋನು ಹೊಸಬ. ಪಕ್ಕದಲ್ಲಿ ಬೀಗದಣ್ಣ."

ತನಿಖಾಧಿಕಾರಿ ತಿರುಗಿದಳು. "ಉಗ್ರಾಣದವರು ಯಾವಾಗಲೂ ಮುಂದಿನ ಜೀಪಲ್ಲಿ ಹೋಗ್ತಾರಲ್ವಾ?"

"ಅದರಲ್ಲೇ ಕೂತಿದ್ದ. ಹೊರಡೋ ಹೊತ್ತಿಗೆ ಇಳಿದು ಹಿಂದೆ ಹೋದ. ಯಾಕೋ ಗೊತ್ತಿಲ್ಲ."

"ನಾನು ಕಳಿಸಿದೆ," ಎಂದಳು ಮಗಳು.

ಅವಳು ಕೋಣೆಯೊಳಗೇ ಇದ್ದಳು, ಬೆಂಚಿನ ಮೇಲೆ ಕೂತು. ಗವಸನ್ನು ಮತ್ತೆ ಹಾಕಿಕೊಳ್ಳುತ್ತಿದ್ದಳು. ದನಿ ಊಟ ಆಯ್ತಾ ಎಂದು ಕೇಳುವಾಗಿನಷ್ಟೇ ಸಮವಾಗಿತ್ತು.

"ನಿನ್ನೆ ಅಪ್ಪ ಫ್ಯಾನ್ ಹಾಕಿ ಹೋದ ಮೇಲೆ ನಾನು ನೋಡ್ದೆ. ನನ್ನ ಪುಟ್ಟಿ ನನಗೆ ಗೊತ್ತಾಗಲ್ವಾ. ಬೆಳಿಗ್ಗೆ ಬೀಗದಣ್ಣನಿಗೆ ಹೇಳ್ದೆ, ಕೊನೇ ಲಾರಿ ಹುಡುಗ ಹೊಸಬ, ಜೊತೇಲಿ ಯಾರಾದ್ರೂ ದೊಡ್ಡವರು ಇರಲಿ ಅಣ್ಣ ಅಂತ. ಪಾಪ, ತಕ್ಷಣ ಇಳಿದು ಬಂದ್ರು." ಗವಸಿನ ಪಟ್ಟಿ ಬಿಗಿದಳು. "ಹುಡುಗನಿಗೆ ಕಿವಿಯಲ್ಲಿ ಹೇಳಿದೀನಿ, ಏನೇ ಸದ್ದು ಬಂದ್ರೂ ನೀನು ಇಳೀಬೇಡ ಅಂತ. ಪಕ್ಕದಲ್ಲಿ ಕೂತವರು ಇಳಿದು ಬಾನೆಟ್ ಎತ್ತಿ ನೋಡ್ತಾರೆ."

ಮಾವ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ.

ಆಗ ಗಂಟಲು ಸರಿಮಾಡಿಕೊಂಡವನು ಗೇಟಿನ ಕಾವಲುಗಾರ. ಇಷ್ಟು ಹೊತ್ತೂ ಅವನು ಮೂಲೆಯಲ್ಲಿ ಕೀಲಿ ಹಿಡಿದು ನಿಂತಿದ್ದ.

"ಏನಮ್ಮಾ ಇದು, ಬೀಗದಣ್ಣನಿಗೂ ಇದಕ್ಕೂ ಏನು ಸಂಬಂಧ?" ಎಂದ. "ಈ ಕೋಣೆ ಕೀಲಿ ಅವರ ಹತ್ರ ಯಾವತ್ತೂ ಇರಲಿಲ್ಲ. ಕೇಳಿ ಕೇಳಿ ಸುಸ್ತಾದ್ರು, ಕೊಡಲೇ ಇಲ್ಲ. ಇರೋದು ಒಂದೇ ಕೀಲಿ, ಇಲ್ಲಿಂದ ಏನು ಹೊರಗೆ ಹೋಗಬೇಕಾದ್ರೂ ವರ್ಕ್‌ಶಾಪಿನ ದೊಡ್ಡ ಸಾಹೇಬರೇ ತೆಗೀಬೇಕು. ಈಗಲೂ ನಾನು ದೊಡ್ಡ ಸಾಹೇಬರ ಮನೆಗೆ ಹೋಗಿ, ಅವರ ಕೈಯಿಂದಲೇ ಇಸ್ಕೊಂಡು ಬಂದೆ. ಯಾಕೆ, ಯಾರಿಗೆ ಅಂತ ನೂರು ಪ್ರಶ್ನೆ ಕೇಳಿದ್ರು."

ಮಗಳ ಕೈ ಗವಸಿನ ಪಟ್ಟಿಯ ಮೇಲೆ ನಿಂತಿತು. ಇಡೀ ವಾರದಲ್ಲಿ ಮೊದಲ ಸಲ ಆ ಮುಖದಲ್ಲಿ ಏನೋ ಅಲುಗಿತು.

ಅಂಗಳದಾಚೆಯ ಕಿಟಕಿಯಿಂದ ವೈರ್‌ಲೆಸ್‌ನವನು ಕೂಗಿದ.

"ಮೇಡಂ, ಸಿಕ್ಕಿದ್ರು. ಮುಂದಿನ ಜೀಪಿನವರು. ಕೊನೇ ಲಾರಿ ಹಿಂದೆ ಉಳಿದಿದೆಯಂತೆ. ಏನೋ ಸದ್ದು ಬರ್ತಿದೆ ಅಂತ ನಿಲ್ಲಿಸಿದ್ದಾರಂತೆ."